ನೀವು ಕೇಳಿದಿರಿ: ಜರ್ಮನಿಯಲ್ಲಿ ಓದು, ಜೊತೆಗೆ ಒಂದಿಷ್ಟು ತಿರುಗಾಟ

ಜರ್ಮನಿಯಲ್ಲಿ ಓದುತ್ತಿರುವವರು, ಅವರ ಮನೆಯವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ತಿರುಗಾಟದ್ದೇ ಜಾಸ್ತಿ. ಆಯ್ದ ಐದಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಲೈಪ್‌ಜಿಗ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಮನೆಯಲ್ಲಿ ಸಾಲ ಮಾಡಿ ಕಳಿಸಿದ್ದಾರೆ. ಗೆಳೆಯರು ರಜೆ ಬಂತೆಂದರೆ ಸಾಕು, ಯಾವುದಾದರೂ ದೇಶದಿಂದ ಫೋಟೊ ಹಾಕುತ್ತಾರೆ. ನಾನು ಇನ್ನೂ ಎಲ್ಲೂ ಹೋಗಿಲ್ಲ. ಈಗ 10 ದಿನದಲ್ಲಿ 6 ದೇಶ ನೋಡುವ ಪ್ಲಾನ್ ಹಾಕಿ ನನ್ನನ್ನೂ ಕರೆಯುತ್ತಿದ್ದಾರೆ. ಹೋದರೆ ದುಡ್ಡು ಹಾಳು ಮಾಡಿದೆ ಅನಿಸುತ್ತದೆ, ಬಿಟ್ಟರೆ ಇಷ್ಟು ದೂರ ಬಂದು ಏನೂ ನೋಡಲಿಲ್ಲ ಅನಿಸುತ್ತದೆ. ಏನು ಮಾಡಲಿ?

ಉತ್ತರ: ತಿರುಗಾಡಿ, ಖಂಡಿತ ತಿರುಗಾಡಿ. ಆದರೆ ಆ 6 ದೇಶದ ಪ್ಲಾನಿಗೆ ಸೇರಬೇಡಿ.

ಲೆಕ್ಕ ಹಾಕಿ ನೋಡಿ. 10 ದಿನದಲ್ಲಿ 6 ದೇಶ ಅಂದರೆ ಮಧ್ಯೆ 5 ಸಲ ಗಂಟುಮೂಟೆ ಕಟ್ಟಬೇಕು. ಪ್ರತಿ ಸಲ ಅರ್ಧ ದಿನವಂತೂ ಹೋಗೇ ಹೋಗುತ್ತದೆ, ಎಷ್ಟೋ ಸಲ ಇಡೀ ದಿನವೇ. ಅಗ್ಗದ ವಿಮಾನದ ಟಿಕೆಟ್ ದರ ನೋಡಿ ಖುಷಿಯಾಗುತ್ತದೆ, ನಿಜ, ಆದರೆ ಅಂಥ ವಿಮಾನಗಳು ಎಷ್ಟೋ ಸಲ ಊರಿನಿಂದ ಬಹಳ ದೂರ ಇಳಿಸುತ್ತವೆ. ಪ್ಯಾರಿಸ್ ಹೆಸರಿನಲ್ಲಿ ಟಿಕೆಟ್ ಮಾರುವ ಬೋವೆ ವಿಮಾನ ನಿಲ್ದಾಣ ಇರುವುದು ಪ್ಯಾರಿಸ್‌ನಿಂದ 80 ಕಿಲೋಮೀಟರಿಗೂ ಆಚೆ, ಅಲ್ಲಿಂದ ಬಸ್ಸಿಗೆ ಬೇರೆ ದುಡ್ಡು, ಬ್ಯಾಗ್ ಸ್ವಲ್ಪ ದೊಡ್ಡದಾದರೆ ಅದಕ್ಕೂ ಬೇರೆ ದುಡ್ಡು. ಕೊನೆಗೆ ನಿಮಗೆ ನೆನಪಿರುವುದು ನಿಲ್ದಾಣಗಳು ಮಾತ್ರ.

ನಿಮ್ಮ ಹತ್ತಿರ ಈಗಾಗಲೇ ಏನಿದೆ ನೋಡಿಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಗೆ ನಡೆಯುವ ತಿಂಗಳ ಪಾಸ್, 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು, ಆಮೇಲೆ ದರ ಏರಿತು. ಆದರೆ ನಿಮ್ಮ ವಿಶ್ವವಿದ್ಯಾಲಯ ಸೆಮೆಸ್ಟರ್ ಟಿಕೆಟ್ ವ್ಯವಸ್ಥೆಗೆ ಸೇರಿದ್ದರೆ ಅದೇ ಟಿಕೆಟ್ ನಿಮಗೆ ಶೇ 60ರಷ್ಟು ದರಕ್ಕೇ ಸಿಗುತ್ತದೆ, ಆ ದುಡ್ಡು ಸೆಮೆಸ್ಟರ್ ಶುಲ್ಕದಲ್ಲೇ ಕಟ್ಟಿಯಾಗಿರುತ್ತದೆ. ಐಸಿಇ, ಐಸಿ ಥರದ ದೂರದ ರೈಲು ಬಿಟ್ಟರೆ ಜರ್ಮನಿಯ ಯಾವ ಮೂಲೆಗೆ ಬೇಕಾದರೂ ಆರ್‌ಇ, ಆರ್‌ಬಿ ಅನ್ನುವ ಪ್ರಾದೇಶಿಕ ರೈಲು, ಎಸ್‌-ಬಾನ್ ಅನ್ನುವ ನಗರದ ರೈಲು, ಟ್ರಾಮ್, ಬಸ್ಸಿನಲ್ಲಿ ಹೋಗಬಹುದು. ಮನೆಯ ಸಾಲದ ಯೋಚನೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಒಂದು ಶನಿವಾರ ಬೆಳಗ್ಗೆ ಎದ್ದು ಡ್ರೆಸ್ಡನ್‌ಗೆ ಹೋಗಿ. ಪ್ರಾದೇಶಿಕ ರೈಲಿನಲ್ಲಿ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಅಲ್ಲಿ ಫ್ರಾವೆನ್‌ಕಿರ್ಖೆ ಚರ್ಚಿನ ಎದುರು ನಿಂತು ಅದರ ಗೋಡೆಯನ್ನು ಸರಿಯಾಗಿ ನೋಡಿ. ತಿಳಿ ಬಣ್ಣದ ಹೊಸ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಕಲ್ಲು ಕಾಣುತ್ತದೆ. ಅವು ಹಳೆಯ ಚರ್ಚಿನವು. 1945ರ ಫೆಬ್ರವರಿಯಲ್ಲಿ ಬಾಂಬ್ ದಾಳಿಯಾಗಿ ಆ ಚರ್ಚ್ ಕುಸಿದು ಬಿತ್ತು, ಹತ್ತಾರು ವರ್ಷ ಕಲ್ಲಿನ ರಾಶಿಯಾಗಿಯೇ ಉಳಿಯಿತು, ಎರಡೂ ಜರ್ಮನಿ ಒಂದಾದ ಮೇಲೆ ಆ ರಾಶಿಯಿಂದಲೇ ಬಳಸಬಹುದಾದ ಕಲ್ಲು ಆರಿಸಿ ಮತ್ತೆ ಕಟ್ಟಿ 2005ರಲ್ಲಿ ತೆರೆದರು. ಇದನ್ನು ನೋಡಲು ಟಿಕೆಟ್ ಬೇಕಿಲ್ಲ, ಅರ್ಧ ಗಂಟೆ ಪುರುಸೊತ್ತು ಬೇಕು ಅಷ್ಟೇ.

ಇನ್ನೊಂದು ವಾರ ಡ್ರೆಸ್ಡನ್‌ನಿಂದಲೇ ಎಸ್‌1 ಅನ್ನುವ ಎಸ್‌-ಬಾನ್ ರೈಲು ಹಿಡಿದು ರಾಟನ್‌ನಲ್ಲಿ ಇಳಿಯಿರಿ. ನಿಲ್ದಾಣ ಎಲ್ಬೆ ನದಿಯ ಈ ದಡದಲ್ಲಿ, ಬೆಟ್ಟ ಆ ದಡದಲ್ಲಿ. ದಾಟಿಸುವ ದೋಣಿಗೆ ಎಂಜಿನ್ ಇಲ್ಲ. ನೀರಿನ ಜೊತೆ ಕೆಳಕ್ಕೆ ಕೊಚ್ಚಿ ಹೋಗದಂತೆ ನದಿಯ ಮೇಲ್ಗಡೆ ಎಲ್ಲೋ ಒಂದು ಕಡೆ ಕಟ್ಟಿದ ಹಗ್ಗ ಅದನ್ನು ಹಿಡಿದುಕೊಂಡಿರುತ್ತದೆ, ದೋಣಿಯನ್ನು ಓರೆ ಮಾಡಿದರೆ ನೀರಿನ ಸೆಳೆತವೇ ಅದನ್ನು ಆಚೆಗೆ ತಳ್ಳುತ್ತದೆ. ಶಬ್ದವೇ ಇಲ್ಲ. ದಾಟಿ ಹತ್ತಿದರೆ ನದಿಯಿಂದ 194 ಮೀಟರ್ ಎತ್ತರದಲ್ಲಿ ಬಾಸ್ಟೈ, ಬಂಡೆಯಿಂದ ಬಂಡೆಗೆ ಹಾಕಿದ 1851ರ ಕಲ್ಲಿನ ಸೇತುವೆ. ದೋಣಿಗೆ ಕೊಡುವ ಚಿಲ್ಲರೆ ಬಿಟ್ಟರೆ ಸೇತುವೆ ನೋಡಲು ಖರ್ಚಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ.

ನಿಮ್ಮ ಊರಲ್ಲೇ ಥೋಮಾಸ್‌ಕಿರ್ಖೆ ಚರ್ಚ್ ಇದೆಯಲ್ಲ, ಅಲ್ಲಿಗೆ ಹೋಗಿದ್ದೀರಾ? 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತಗಾರ ಬಾಖ್ ಕೆಲಸ ಮಾಡಿದ್ದು ಅಲ್ಲೇ, ಸಮಾಧಿಯೂ ಅಲ್ಲೇ. ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಹಾಡುಗಾರಿಕೆ ಇರುತ್ತದೆ, ಕೆಲವೇ ಯೂರೊ. ಶಾಲಾ ರಜೆಯಲ್ಲಿ ಹೋಗುವುದಾದರೆ ಮೊದಲು ವೇಳಾಪಟ್ಟಿ ನೋಡಿ.

ಹೀಗೆ ಒಂದು ಸೆಮೆಸ್ಟರ್ ಸುತ್ತಿದ ಮೇಲೆ ಹೊರದೇಶದ ಒಂದೇ ಒಂದು ಊರು ಆರಿಸಿಕೊಂಡು ನಾಲ್ಕೈದು ದಿನ ಇದ್ದು ಬನ್ನಿ. ಪ್ಯಾರಿಸ್ ಆದರೆ ನಿಮಗೆ ಇನ್ನೊಂದು ಅನುಕೂಲ ಇದೆ. ಯುರೋಪಿನ ಒಕ್ಕೂಟದಲ್ಲಿ ವಾಸವಿರುವ, 26 ತುಂಬದ ಎಲ್ಲರಿಗೂ ಲೂವ್ರ್ ವಸ್ತುಸಂಗ್ರಹಾಲಯ ಉಚಿತ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಮುಖ್ಯವಲ್ಲ, ನಿಮ್ಮ ಜರ್ಮನ್ ವಾಸದ ಕಾರ್ಡ್ ತೋರಿಸಿದರೆ ಆಯಿತು. ವೆರ್ಸಾಯ್ ಅರಮನೆಗೂ ಇದೇ ರಿಯಾಯಿತಿ ಇದೆ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಉಚಿತವಾದರೂ ಸಮಯ ಮೊದಲೇ ಕಾಯ್ದಿರಿಸಿ. ನಿಮಗೆ 25 ನಡೆಯುತ್ತಿದ್ದರೆ ಮುಂದೂಡಬೇಡಿ.

ಮನೆಯವರ ದುಡ್ಡು ಹಾಳು ಮಾಡುತ್ತಿದ್ದೇನೆ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಅವರಿಗೆ ಹೇಳಿಯೇ ಹೋಗಿ. ರೈಲಿನಿಂದ ಒಂದು ಕರೆ ಮಾಡಿ, ನದಿ ತೋರಿಸಿ. ನಿಮ್ಮನ್ನು ಅಷ್ಟು ದೂರ ಕಳಿಸಿದವರು ನೀವು ರೂಮಿನಲ್ಲೇ ಕೂತಿರಲಿ ಅಂತ ಕಳಿಸಿಲ್ಲ ಅಲ್ವಾ?

ಪ್ರಶ್ನೆ: ಜರ್ಮನಿಯ ವಿದ್ಯಾರ್ಥಿ ವಾಸದ ಪರವಾನಗಿ ಇದ್ದರೆ ಸ್ವಿಟ್ಜರ್‌ಲೆಂಡ್, ಲಂಡನ್‌ಗೆ ಬೇರೆ ವೀಸಾ ಬೇಕಾ?

ಉತ್ತರ: ಸ್ವಿಟ್ಜರ್‌ಲೆಂಡ್‌ಗೆ ಬೇಡ. ಅದು ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಶೆಂಗೆನ್ ದೇಶಗಳ ಗುಂಪಿನಲ್ಲಿದೆ. ಲಂಡನ್‌ಗೆ ಬೇಕು, ಬ್ರಿಟನ್ ಶೆಂಗೆನ್ ಅಲ್ಲ, ಐರ್ಲೆಂಡೂ ಅಲ್ಲ. ಕ್ರೊಯೇಷಿಯಾ 2023ರಲ್ಲಿ ಸೇರಿತು. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿ ಸೇರಿವೆ. ಜರ್ಮನಿ ಬಿಟ್ಟು ಉಳಿದ ಶೆಂಗೆನ್ ದೇಶಗಳಲ್ಲಿ ಯಾವುದೇ 180 ದಿನದ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು. ಜರ್ಮನಿಯಲ್ಲಿ ಕಳೆದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟ್, ಕಾರ್ಡ್ ಎರಡೂ ಕೈಯಲ್ಲಿರಲಿ, ಫೋನಿನಲ್ಲಿರುವ ಫೋಟೊ ಸಾಲದು. ಗಡಿಯಲ್ಲಿ ಬಸ್ಸು, ರೈಲು ಹತ್ತಿ ತಪಾಸಣೆ ಮಾಡುತ್ತಾರೆ. ಇನ್ನೊಂದು ಮಾತು, ಇದು ಬಹಳ ಜನರಿಗೆ ಗೊತ್ತಿಲ್ಲ. ಸರಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿಯನ್ ವಿಮಾ ಕಾರ್ಡ್. ಆದರೆ ಯುರೋಪಿನ ಹೊರಗಿನ ದೇಶದ ಪೌರರಿಗೆ ಅದು ಡೆನ್ಮಾರ್ಕ್, ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ನಲ್ಲಿ ನಡೆಯುವುದಿಲ್ಲ. ಆಲ್ಪ್ಸ್ ಹತ್ತುವ ಆಸೆ ಇದ್ದರೆ ಪ್ರಯಾಣ ವಿಮೆ ಮಾಡಿಸಿಕೊಂಡೇ ಹೊರಡಿ.

ಪ್ರಶ್ನೆ: ಗೆಳೆಯರು ವೈಮಾರ್‌ಗೆ ಹೋಗಿ ನಾಜಿಗಳ ಬುಖೆನ್‌ವಾಲ್ಡ್ ಬಂದಿ ಶಿಬಿರವನ್ನೂ ನೋಡೋಣ ಅನ್ನುತ್ತಿದ್ದಾರೆ. ರಜೆಯಲ್ಲಿ ಅಂಥ ಜಾಗ ಯಾಕೆ ನೋಡಬೇಕು ಅನಿಸುತ್ತದೆ.

ಉತ್ತರ: ಹೋಗಿ ಅಂತಲೇ ಹೇಳುತ್ತೇನೆ. ಆದರೆ ಅದಕ್ಕೇ ಒಂದು ದಿನ ಇಡಿ. ಬೆಳಗ್ಗೆ ಕವಿ ಗಯಟೆಯ ಮನೆ, ಮಧ್ಯಾಹ್ನ ಶಿಬಿರ, ಸಂಜೆ ಪಾರ್ಟಿ ಅಂತ ಜೋಡಿಸಬೇಡಿ. 1937ರಿಂದ 1945ರವರೆಗೆ ಅಲ್ಲಿ 56,000 ಜನ ಸತ್ತರು. ವೈಮಾರ್‌ನಿಂದ ಬಸ್ಸಿದೆ, ಪ್ರವೇಶ ಉಚಿತ. ಗೇಟಿನ ಮೇಲಿನ ಗಡಿಯಾರ 3.15ಕ್ಕೆ ನಿಂತಿದೆ, ಅದು 1945ರ ಏಪ್ರಿಲ್ 11ರಂದು ಬಿಡುಗಡೆಯಾದ ಹೊತ್ತು. ಗೇಟಿನ ಕಬ್ಬಿಣದ ಬರಹ ಒಳಗಿನಿಂದ ಓದುವಂತೆ ಮಾಡಿದ್ದಾರೆ, ಕೈದಿಗಳು ದಿನವೂ ಅದನ್ನು ನೋಡಲಿ ಅಂತ. ಹಾಜರಿ ಮೈದಾನದಲ್ಲಿ ನೆಲಕ್ಕೆ ಕೂರಿಸಿದ ಒಂದು ಲೋಹದ ಫಲಕ ಇದೆ. ವರ್ಷವಿಡೀ ಅದನ್ನು 37 ಡಿಗ್ರಿ, ಅಂದರೆ ಮನುಷ್ಯನ ಮೈಯ ಬಿಸಿಯಲ್ಲಿ ಇಟ್ಟಿರುತ್ತಾರೆ. ಬಗ್ಗಿ ಕೈ ಇಡಿ. ಪುಸ್ತಕದಲ್ಲಿ ಎಷ್ಟು ಓದಿದ್ದರೂ ಅದು ಬೇರೆಯೇ. ಸೆಲ್ಫಿ ಮಾತ್ರ ದಯವಿಟ್ಟು ಬೇಡ. ಸೋಮವಾರ ಪ್ರದರ್ಶನ ಮುಚ್ಚಿರುತ್ತದೆ.

ಪ್ರಶ್ನೆ: ಮಗಳು ವಾರಾಂತ್ಯ ಒಬ್ಬಳೇ ರೈಲು ಹತ್ತಿ ಹೋಗುತ್ತಾಳೆ, ಹಾಸ್ಟೆಲ್‌ನಲ್ಲಿ ಉಳಿಯುತ್ತಾಳೆ. ನನಗೆ ನಿದ್ದೆ ಬರುವುದಿಲ್ಲ.

ಉತ್ತರ: ನಿಮ್ಮ ಭಯ ಸಹಜ. ತಡೆಯಬೇಡಿ, ಎರಡು ಮೂರು ಒಪ್ಪಂದ ಮಾಡಿಕೊಳ್ಳಿ. ಹೊಸ ಊರಿಗೆ ಬೆಳಕಿರುವಾಗಲೇ ತಲುಪಬೇಕು. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕು ದಾಟಿದರೆ ಕತ್ತಲೆ, ಇದು ನೆನಪಿರಲಿ. ಉಳಿಯುವ ಜಾಗದ ವಿಳಾಸ ಮೊದಲೇ ಕಳಿಸಬೇಕು. ಕೊನೆಯ ರೈಲನ್ನೇ ನಂಬಿ ಕೂರಬಾರದು, ಜರ್ಮನಿಯ ರೈಲುಗಳು ತಡವಾಗುವುದು ಮಾಮೂಲು. 112 ಯುರೋಪಿನ ಒಕ್ಕೂಟದ ಎಲ್ಲ ದೇಶದಲ್ಲೂ ತುರ್ತು ನಂಬರ್. ಯೂತ್ ಹಾಸ್ಟೆಲ್ ಅನ್ನುವುದು ಶುರುವಾಗಿದ್ದೇ ಜರ್ಮನಿಯಲ್ಲಿ, ಶಾಲಾ ಮೇಷ್ಟ್ರೊಬ್ಬರಿಂದ. ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ತೆರೆದದ್ದು ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್. ಹೆಣ್ಣುಮಕ್ಕಳಿಗೇ ಬೇರೆ ಕೋಣೆ ಎಷ್ಟೋ ಕಡೆ ಸಿಗುತ್ತದೆ. ಗಂಟೆಗೊಮ್ಮೆ ಫೋನ್ ಮಾಡಬೇಡಿ. ತಲುಪಿದಾಗ ಒಂದು, ಮಲಗುವಾಗ ಒಂದು ಮೆಸೇಜ್ ಸಾಕು.

ಪ್ರಶ್ನೆ: ಬೇಸಿಗೆ ರಜೆಗೆ ಯುರೋಪಿನ ಹಲವು ದೇಶ ಸುತ್ತುವ ರೈಲು ಪಾಸ್ ಬೇಕು, ಯೂರೇಲ್ ಪಾಸ್ ಕೊಳ್ಳಲಾ, ಇಂಟರ್‌ರೇಲ್ ಕೊಳ್ಳಲಾ?

ಉತ್ತರ: ನೀವು ಜರ್ಮನಿಯ ನಿವಾಸಿ, ಆದ್ದರಿಂದ ಇಂಟರ್‌ರೇಲ್. ಯೂರೇಲ್ ಯುರೋಪಿನ ಹೊರಗೆ ವಾಸಿಸುವವರಿಗೆ. 27 ವರ್ಷದವರೆಗೆ ಯುವಕರ ದರ ಇದೆ. ನೀವು ವಾಸವಿರುವ ದೇಶದೊಳಗೆ ಮಾತ್ರ ಈ ಪಾಸ್ ಹೊರಡಲು ಒಂದು ದಿನ, ವಾಪಸ್ ಬರಲು ಒಂದು ದಿನ ಅಷ್ಟೇ ನಡೆಯುತ್ತದೆ. ಫ್ರಾನ್ಸ್‌ನ ಅತಿವೇಗದ ಟಿಜಿವಿ ರೈಲಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಲೇಬೇಕು, ಪಾಸಿನವರಿಗೆ ಇಡುವ ಸೀಟು ಕಡಿಮೆ. ಮೊದಲು ಅದನ್ನು ಹಿಡಿದು, ಆಮೇಲೆ ಉಳಿದ ದಿನಗಳನ್ನು ಹೊಂದಿಸಿಕೊಳ್ಳಿ.