ಕೆಜಿ ನೋಡಿ ಮೋಟರ್ ಕೊಳ್ಳಬೇಡಿ

ಪ್ರಶ್ನೆ: ನಮ್ಮದು ಬಡಿಗತನದ ಅಂಗಡಿ. ಬಾಗಿಲ ಹಲಗೆ ಕೆತ್ತಲು ನಾನೇ ಒಂದು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮಷಿನ್) ಮಾಡಿಕೊಳ್ಳುತ್ತಿದ್ದೇನೆ. ಬೆಡ್ ಎರಡಡಿ ಅಗಲ, ಮೂರಡಿ ಉದ್ದ. ಮೋಟರ್ ತಿರುಗಿದಂತೆ ಮಷಿನನ್ನು ಸರಿಸುವ 1605 ಬಾಲ್ ಸ್ಕ್ರೂ ತಂದಾಗಿದೆ. ಒಬ್ಬರು ನೆಮಾ 23ರ 19 ಕೆಜಿ ಮೋಟರ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ನೆಮಾ 34ರ 85 ಕೆಜಿಯದ್ದೇ ಹಾಕು, ಮುಂದೆ ಚಿಂತೆ ಇರೋದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ? ಮೋಟರ್ ಮೇಲೆ 3 ವೋಲ್ಟ್ ಎಂದು ಬರೆದಿದೆ, ಅಂಗಡಿಯವರು 36 ವೋಲ್ಟ್ ಸಪ್ಲೈ ಕೊಡಿ ಅನ್ನುತ್ತಾರೆ. ಸುಡೋದಿಲ್ವಾ?
— ಒಬ್ಬ ಓದುಗರು, ಗದಗ-ಬೆಟಗೇರಿ

ಉತ್ತರ: 19 ಕೆಜಿಯದ್ದು ಸಾಕು. ಉಳಿಯುವ ದುಡ್ಡನ್ನು ಮೋಟರ್‌ಗೆ ಕರೆಂಟ್ ಅಳೆದು ಕೊಡುವ ಡ್ರೈವರ್‌ಗೂ ಸಪ್ಲೈಗೂ ಹಾಕಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ 85 ಕೆಜಿಯ ಆಸೆಗೆ ನಾನೂ ಒಮ್ಮೆ ಬಿದ್ದಿದ್ದೇನೆ.

ಗೋಕುಲ ರೋಡಿನ ನನ್ನ ಶೆಡ್‌ನಲ್ಲಿ ಮೊದಲ ಮಷಿನ್ ಕಟ್ಟಿದಾಗ ದೊಡ್ಡ ಮೋಟರ್‌ಗಳನ್ನೇ ತಂದೆ. ಮನೆಯಲ್ಲಿ ಬಿದ್ದಿದ್ದ 24 ವೋಲ್ಟ್ ಸಪ್ಲೈ ಜೋಡಿಸಿದೆ. ಮೊದಲ ಕೆಲಸ ಸಾಗವಾನಿ ಬಾಗಿಲಿಗೆ ಗಜಲಕ್ಷ್ಮಿ. ಎರಡು ತಾಸು ಚೆಂದ ನಡೆಯಿತು. ಚಹಾ ಕುಡಿದು ಬಂದು ನೋಡಿದರೆ ಆನೆಯ ಸೊಂಡಿಲು ಮುಖದಿಂದ 7 ಮಿಮೀ ಆಚೆ ಸರಿದಿತ್ತು. ಮಷಿನ್ ಮಾತ್ರ ಏನೂ ಆಗದ ಹಾಗೆ ಕೆತ್ತುತ್ತಲೇ ಇತ್ತು. ಗಿರಾಕಿಯ ಮನೆ ಪ್ರವೇಶಕ್ಕೆ ನಾಲ್ಕೇ ದಿನ. ಕೊನೆಗೆ ಒಬ್ಬ ಹಿರಿಯ ಬಡಿಗರು ಆ ಜಾಗಕ್ಕೆ ತುಂಡು ಕೂಡಿಸಿ ಕೈಯಿಂದ ಕೆತ್ತಿ ನನ್ನ ಮಾನ ಉಳಿಸಿದರು.

ಅಷ್ಟು ಜೋರಿನ ಮೋಟರ್ ಹೆಜ್ಜೆ ತಪ್ಪಿದ್ದು ಯಾಕೆ? ಮೊದಲು ಈ 'ಕೆಜಿ' ಏನು ನೋಡ್ರಿ. ಶಾಫ್ಟಿಗೆ ಒಂದು ಸೆಂಟಿಮೀಟರ್ ತೋಳು ಕಟ್ಟಿ ಅದರ ತುದಿಗೆ 19 ಕೆಜಿ ತೂಗುಬಿಟ್ಟರೂ ಮೋಟರ್ ತಿರುಗದೆ ಹಿಡಿದು ನಿಲ್ಲುತ್ತದೆ, ಅಷ್ಟೇ. ಅದು ನಿಂತಾಗಿನ ಬಲ. ಓಡುವಾಗಿನ ಲೆಕ್ಕ ಬೇರೆ. ಇನ್ನು 23, 34 ಅನ್ನುವುದು ಬಲವೇ ಅಲ್ಲ, ಮೋಟರ್‌ನ ಮುಖದ ಅಳತೆ: 2.3 ಇಂಚು, 3.4 ಇಂಚು.

ಈ ಮೋಟರ್ ಸ್ಟೆಪ್ಪರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ನಿಮ್ಮ 1605 ಸ್ಕ್ರೂ ಒಂದು ಸುತ್ತಿಗೆ 5 ಮಿಮೀ ಸರಿಯುತ್ತದೆ. ನಿಮಿಷಕ್ಕೆ 3000 ಮಿಮೀ ಓಡಿಸಬೇಕೆಂದರೆ 600 ಸುತ್ತು, ಅಂದರೆ ಸೆಕೆಂಡಿಗೆ 2000 ಹೆಜ್ಜೆ. ಒಂದೊಂದು ಹೆಜ್ಜೆಗೆ ಸಿಗುವುದು ಅರ್ಧ ಮಿಲಿಸೆಕೆಂಡ್. ಅಷ್ಟರೊಳಗೆ ಮೋಟರ್‌ನೊಳಗಿನ ತಂತಿ ಸುರುಳಿಗೆ ಕರೆಂಟ್ ಏರಬೇಕು. ಹುಬ್ಬಳ್ಳಿಯಲ್ಲಿ ನಳ ಬಂದ ದಿನ ನೆನಪಿಸಿಕೊಳ್ಳಿ. ನೀರಿನ ಒತ್ತಡ ಕಮ್ಮಿ, ಹಿಂದೆ ಪಾಳಿ ಉದ್ದ. ಕೊಡ ಅರ್ಧ ತುಂಬುವಷ್ಟರಲ್ಲಿ ಸರೀರಿ ಅನ್ನುತ್ತಾರೆ. ಕೊಡ ದೊಡ್ಡದಿದ್ದಷ್ಟೂ ಕಷ್ಟ. ವೋಲ್ಟೇಜ್ ಅಂದರೆ ಆ ಒತ್ತಡ. ಕೊಡದ ಗಾತ್ರ ಅಂದರೆ ಸುರುಳಿಯ ಇಂಡಕ್ಟನ್ಸ್. ಅದು ಮೋಟರ್‌ನ ಡೇಟಾಶೀಟಿನಲ್ಲಿ ಮಿಲಿಹೆನ್ರಿ ಎಂದು ಇರುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಅದನ್ನು.

ಸಿಎನ್‌ಸಿ ಕಟ್ಟುವವರಲ್ಲಿ ಒಂದು ಬಾಯಿಲೆಕ್ಕ ಇದೆ. ಮಿಲಿಹೆನ್ರಿಯ ವರ್ಗಮೂಲ ತೆಗೆದು 32ರಿಂದ ಗುಣಿಸಿ. ಸಪ್ಲೈ ಅದಕ್ಕಿಂತ ಮೇಲೆ ಹೋಗಬಾರದು. ನನ್ನ ದೊಡ್ಡ ಮೋಟರ್ 9 ಮಿಲಿಹೆನ್ರಿಯದ್ದು. ವರ್ಗಮೂಲ 3, ಮಿತಿ 96 ವೋಲ್ಟ್. ನಾನು ಕೊಟ್ಟದ್ದು ಅದರ ಕಾಲು ಭಾಗ! ನಿಂತಾಗ ಪೈಲ್ವಾನ, ಓಡಿದರೆ ಏದುಸಿರು. ನೀವು 2ರಿಂದ 4 ಮಿಲಿಹೆನ್ರಿಯ ಮೋಟರ್ ಹುಡುಕಿ.

3 ವೋಲ್ಟಿನ ಭಯಕ್ಕೂ ಇಲ್ಲೇ ಉತ್ತರ ಇದೆ. ಮೋಟರ್ ಸುಡುವುದು ಕರೆಂಟ್ ಜಾಸ್ತಿಯಾದಾಗ. ಈಗಿನ ಡ್ರೈವರ್‌ಗಳು 36 ವೋಲ್ಟಿನಿಂದ ಕರೆಂಟನ್ನು ಬೇಗ ಏರಿಸಿ, ನೀವು ಸ್ವಿಚ್‌ನಲ್ಲಿ ಇಟ್ಟ ಆಂಪಿಯರ್ ಮುಟ್ಟಿದ ಕೂಡಲೇ ಕತ್ತರಿಸುತ್ತವೆ. ಆ ಸ್ವಿಚ್ ತಪ್ಪಿಟ್ಟರೆ ಮಾತ್ರ ಭಯ ಪಡಿ. ಡಿಎಂ542 ತರಹದ ಡ್ರೈವರ್ 50 ವೋಲ್ಟ್ ತನಕ ತಡೆಯುತ್ತದೆ. ಆದರೂ 48ಕ್ಕೆ ಹೋಗಬೇಡಿ. ಗ್ಯಾಂಟ್ರಿ (ಬೆಡ್ ಮೇಲೆ ಓಡುವ ಚೌಕಟ್ಟು) ಗಕ್ಕನೆ ನಿಂತಾಗ ಮೋಟರ್ ತಾನೇ ಡೈನಮೋ ಆಗಿ ವೋಲ್ಟೇಜನ್ನು ಹಿಂದಕ್ಕೆ ನೂಕುತ್ತದೆ. 36 ಚೆನ್ನಾಗಿದೆ.

ಬಲ ಸಾಲುತ್ತದೋ ಇಲ್ಲವೋ ಅನ್ನುತ್ತೀರಾ? ಓಡುವಾಗ 19ರಲ್ಲಿ 5 ಕೆಜಿ-ಸೆಂಮೀ ಮಾತ್ರ ಉಳಿಯಿತು ಅಂದುಕೊಳ್ಳಿ. 5 ಮಿಮೀ ಸ್ಕ್ರೂ ಅದನ್ನು ಸುಮಾರು 55 ಕೆಜಿ ತಳ್ಳುವ ಬಲ ಮಾಡಿ ಕೊಡುತ್ತದೆ. 6 ಮಿಮೀ ಬಿಟ್‌ನಿಂದ ಹದವಾಗಿ ಸಾಗವಾನಿ ಕೆತ್ತಲು ಅಷ್ಟೆಲ್ಲ ಬೇಡ.

ಉದ್ದದ ಕಡೆ ಎರಡೂ ಬದಿಗೆ ಸ್ಕ್ರೂ ಇದ್ದರೆ ಒಟ್ಟು ನಾಲ್ಕು ಮೋಟರ್ ಬೇಕು. ಮೇಲೆ-ಕೆಳಗೆ ಹೋಗುವ ಅಕ್ಷದ ಬಗ್ಗೆ ಒಂದು ಎಚ್ಚರಿಕೆ: ಬಾಲ್ ಸ್ಕ್ರೂ ತಾನಾಗಿ ತಡೆಯುವುದಿಲ್ಲ. ಕರೆಂಟ್ ಹೋದರೆ ಬಿಟ್ ತಿರುಗಿಸುವ ಸ್ಪಿಂಡಲ್ ತನ್ನ ಭಾರಕ್ಕೇ ಇಳಿದು ಬಿಟ್ಟನ್ನು ಹಲಗೆಗೆ ಕುಕ್ಕುತ್ತದೆ. ಅಲ್ಲಿ ಬ್ರೇಕ್ ಇರುವ ಮೋಟರ್ ಹಾಕಿ, ಇಲ್ಲವೇ ಎದುರು ತೂಕ ಕಟ್ಟಿ.

ಪ್ರಶ್ನೆ: ನನ್ನ ಮಷಿನ್‌ನ ಮೋಟರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಕೆಟ್ಟಿದೆಯೇ?
— ಒಬ್ಬ ಓದುಗರು, ಹಾವೇರಿ

ಉತ್ತರ: ಇಲ್ಲ ಅನ್ನಿಸುತ್ತದೆ. ಸ್ಟೆಪ್ಪರ್ ನಿಂತಾಗಲೂ ಕರೆಂಟ್ ಎಳೆಯುತ್ತದೆ. 70-80 ಡಿಗ್ರಿ ಅದಕ್ಕೆ ಮಾಮೂಲು. ನಿಂತಾಗ ಅರ್ಧ ಕರೆಂಟ್ ಮಾಡುವ ಸ್ವಿಚ್ ಡ್ರೈವರ್‌ನಲ್ಲಿ ಇದೆಯಾ ನೋಡಿ, ಹಾಕಿ. ಸುಟ್ಟ ವಾಸನೆ ಬಂದರೆ ಮಾತ್ರ ಬಂದ್ ಮಾಡಿ.

ಪ್ರಶ್ನೆ: ಹಳೇ ಪ್ರಿಂಟರ್‌ನಿಂದ ಸ್ಟೆಪ್ಪರ್ ಬಿಚ್ಚಿದ್ದೇನೆ. ನಾಲ್ಕು ವೈರ್ ಇವೆ. ಯಾವುದು ಯಾವುದರ ಜೋಡಿ? ಇದರಿಂದ ಸಿಎನ್‌ಸಿ ಮಾಡಬಹುದೇ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಪೆನ್ನು ಹಿಡಿದು ಗೆರೆ ಎಳೆಯುವ ಮಷಿನ್ ಮಾಡು ತಮ್ಮಾ, ಕಟ್ಟಿಗೆ ಕೆತ್ತೋದು ಬೇಡ. ಜೋಡಿ ಹುಡುಕಲು ಮೀಟರ್ ಕೂಡ ಬೇಕಿಲ್ಲ. ಎರಡು ವೈರ್‌ಗಳ ತುದಿ ಹೊಸೆದು ಶಾಫ್ಟ್ ತಿರುಗಿಸು. ಹಗುರ ತಿರುಗಿದರೆ ಜೋಡಿ ಅಲ್ಲ. ಬಿಗಿಯಾಗಿ, ಕಟಕಟ ತಡೆದು ತಿರುಗಿದರೆ ಅವೆರಡೂ ಒಂದೇ ಸುರುಳಿಯವು. ಡ್ರೈವರ್‌ಗೆ ಕೂಡಿಸಿದ ಮೇಲೆ ಮಾತ್ರ, ಕರೆಂಟ್ ಇರುವಾಗ ಮೋಟರ್ ವೈರ್ ಕೀಳಬೇಡ. ಹಾಗೆ ಕಿತ್ತು ಸಾಯಿಸಿದ ಮೂರು ಡ್ರೈವರ್ ನನ್ನ ಕಪಾಟಿನಲ್ಲಿ ಇನ್ನೂ ಇವೆ.