ರಿವಾಲ್ವರ್ ಸೈಟಿಗೆ ಅರ ಹಾಕಿಸುವ ಮೊದಲು ಕೈ ನೋಡಿಕೊಳ್ಳಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಉತ್ತರಿಸುವವರು ಪೊಲೀಸ್ ಇಲಾಖೆಯಲ್ಲಿ ಆಯುಧ ನೋಡಿಕೊಳ್ಳುವ ಆರ್ಮರರ್ ಆಗಿದ್ದು ನಿವೃತ್ತರಾದವರು. ಈಗ ದಾವಣಗೆರೆಯಲ್ಲಿ ಲೈಸೆನ್ಸ್‌ದಾರರಿಗೆ ಫೈರಿಂಗ್ ಕಲಿಸುತ್ತಾರೆ.)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಹಳೇ ರಿವಾಲ್ವರ್ ಕೈಗೆ ಬಂತು, ರೇಂಜ್‌ಗೆ ಹೋದೆ, ಗುಂಡು ಗುರಿಗೆ ಬೀಳಲಿಲ್ಲ, ಸೈಟ್ (ಗುರಿ ಹಿಡಿಯಲು ನಳಿಕೆಯ ತುದಿಯಲ್ಲೂ ಹಿಂದೆಯೂ ಇರುವ ಗುರುತು) ಉಜ್ಜಿಸಲಾ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಆದ್ದರಿಂದ ಒಂದು ಪತ್ರ ಎದುರಿಗಿಟ್ಟುಕೊಂಡು ಪೂರ್ತಿ ಹೇಳಿಬಿಡುತ್ತೇನೆ. ರಿವಾಲ್ವರ್ ಖಾಲಿ ಮಾಡಿ ನೋಡುವುದು, ಮೂತಿ ಯಾವಾಗಲೂ ಬಟ್ (ಗುಂಡು ತಡೆಯುವ ಮಣ್ಣಿನ ದಿಬ್ಬ) ಕಡೆಗೇ ಇಡುವುದು, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕುವುದು, ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಇಷ್ಟೂ ಗೊತ್ತಿಲ್ಲದವರು ಮೊದಲು ತರಬೇತಿಗೆ ಸೇರಿ, ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: ನಮ್ಮ ತಂದೆಯವರ .32 ರಿವಾಲ್ವರ್ ಅವರು ತೀರಿಕೊಂಡ ಮೇಲೆ ನನ್ನ ಲೈಸೆನ್ಸ್‌ಗೆ ಸೇರಿದೆ. ರೇಂಜ್‌ನಲ್ಲಿ 10 ಮೀಟರಿನಿಂದ ಹೊಡೆದರೆ ಗುಂಡೆಲ್ಲ ಎಡಕ್ಕೆ, ಕೆಳಕ್ಕೆ ಬೀಳುತ್ತವೆ. ನಾನು ಬಲಗೈಯವನು. ನಮ್ಮೂರಲ್ಲಿ ಲೇತ್ ಇಟ್ಟುಕೊಂಡಿರುವ ಮೇಸ್ತ್ರಿಯೊಬ್ಬರು ‘ಮುಂದಿನ ಸೈಟಿಗೆ ಸ್ವಲ್ಪ ಅರ ಹಾಕಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ಹಾಕಿಸಬಹುದೇ ಸರ್? (ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು)

ಉತ್ತರ: ಹಾಕಿಸಬೇಡಿ.

ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ. ಮುಂದಿನ ಸೈಟ್ ಗಿಡ್ಡ ಮಾಡಿದರೆ ಗುಂಡು ಮೇಲೆ ಹೋಗುತ್ತದೆ. ಸೈಟ್ ಗಿಡ್ಡವಾದಾಗ ಅದನ್ನು ಹಿಂದಿನ ಸೈಟಿನ ಗಾಡಿಯ (ಸೀಳಿನ) ಮಟ್ಟಕ್ಕೆ ತರಲು ನೀವು ಮೂತಿಯನ್ನು ಸ್ವಲ್ಪ ಮೇಲೆತ್ತುತ್ತೀರಿ, ಅಷ್ಟೇ ಅದರ ಲೆಕ್ಕ. ಆದರೆ ಅವರು ನಿಮ್ಮ ಕೈ ನೋಡಿಲ್ಲ. ಬಲಗೈಯವನ ಗುಂಡುಗಳು ಎಡಕ್ಕೆ, ಕೆಳಕ್ಕೆ ಬೀಳುತ್ತಿವೆ ಅಂದರೆ ನಾನು ರಿವಾಲ್ವರ್ ಮುಟ್ಟುವ ಮೊದಲು ಬೆರಳು ನೋಡುತ್ತೇನೆ. ಟ್ರಿಗರನ್ನು ನೇರ ಹಿಂದಕ್ಕೆ ಒತ್ತುವ ಬದಲು ಗಬಕ್ಕನೆ ಎಳೆದರೆ ಇಡೀ ಅಂಗೈ ಬಿಗಿಯುತ್ತದೆ, ಮೂತಿ ಎಡಕ್ಕೆ ತಿರುಗಿ ಕೆಳಗೆ ಬಾಗುತ್ತದೆ. ಜೊತೆಗೆ ಸದ್ದಿನ ಹೆದರಿಕೆ. ಗುಂಡು ಸಿಡಿಯುವ ಮೊದಲೇ ಕೈ ಅದನ್ನು ತಡೆಯಲು ಮುಂದಕ್ಕೆ ತಳ್ಳುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಸುಲಭದ ಪರೀಕ್ಷೆ ಇದೆ. ರೇಂಜ್‌ನಲ್ಲಿ ಕಲಿಸುವವರ ಕೈಗೆ ರಿವಾಲ್ವರ್ ಕೊಡಿ. ಸಿಲಿಂಡರಿನ ಆರು ಮನೆಗಳಲ್ಲಿ ಮೂರಕ್ಕೆ ತೋಟಾ ಹಾಕಿ, ಉಳಿದವಕ್ಕೆ ಸಿಡಿದ ಖಾಲಿ ತೋಟಾ ಹಾಕಿ, ಯಾವುದು ಎಲ್ಲಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಅವರೇ ಮುಚ್ಚಿ ಕೊಡಲಿ. ನೀವು ಒಂದೊಂದಾಗಿ ಹೊಡೆಯುತ್ತಾ ಹೋಗಿ. ಹ್ಯಾಮರ್ ಖಾಲಿ ತೋಟಾದ ಮೇಲೆ ಬಿದ್ದು ‘ಟಕ್’ ಅಂದಾಗ ಮುಂದಿನ ಸೈಟನ್ನೇ ನೋಡುತ್ತಿರಿ. ಸದ್ದಿಲ್ಲ, ಒದೆತವಿಲ್ಲ, ಆದರೂ ಮೂತಿ ಸರಕ್ಕನೆ ಕೆಳಗೆ ಕುಸಿದರೆ ಅದು ನಿಮ್ಮ ಕೈಯ ಕೆಲಸ. ಮೊದಲ ಸಲ ಇದನ್ನು ನೋಡಿದವರು ಮುಖ ಮುಖ ನೋಡುತ್ತಾರೆ. ಗುಂಡು ಸಿಡಿದಾಗ ಈ ಕುಸಿತವೆಲ್ಲ ಒದೆತದಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ಹೊಡೆದವರಿಗೂ ತಮ್ಮ ತಪ್ಪು ಗೊತ್ತಿರುವುದಿಲ್ಲ.

ಮೂತಿ ಕುಸಿಯುತ್ತಿದ್ದರೆ ನಿಮಗೆ ಬೇಕಾದದ್ದು ಡ್ರೈ ಫೈರಿಂಗ್, ಅಂದರೆ ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ಹಳೇ ರಿವಾಲ್ವರ್‌ಗಳಲ್ಲಿ ತೋಟಾಕ್ಕೆ ಹೊಡೆಯುವ ಪಿನ್ನು ಹ್ಯಾಮರಿನಲ್ಲೇ ಕೂತಿರುತ್ತದೆ, ಸುಮ್ನೆ ಖಾಲಿ ಹೊಡೆಯುತ್ತಿದ್ದರೆ ಅದು ಮುರಿಯಬಹುದು. ಅದಕ್ಕೆ ಡಮ್ಮಿ ತೋಟಾ ಹಾಕಿಯೇ ಮಾಡಿ. ಅಸಲಿ ತೋಟಾ ಆ ಕೋಣೆಯಲ್ಲೇ ಇರಬಾರದು.

ಕೈ ಸರಿಯಿದೆ ಅಂತ ಖಾತ್ರಿಯಾಯಿತೇ? ಆಗ ಗ್ರೂಪಿಂಗ್ ಹೊಡೆಯಿರಿ, ಅಂದರೆ ಒಂದೇ ಗುರಿಗೆ ಐದು ಗುಂಡು. 10 ಮೀಟರ್ ಸಾಕು. ಮೇಜಿನ ಮೇಲೆ ಮರಳು ಚೀಲ ಇಟ್ಟು ಕೈಗಳನ್ನು ಅದರ ಮೇಲೆ ಊರಿ. ನಳಿಕೆಯನ್ನು ಚೀಲದ ಮೇಲೆ ಇಡಬೇಡಿ, ನಳಿಕೆಗೆ ಗಟ್ಟಿ ಆಸರೆ ಕೊಟ್ಟರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಎಡಗೈ ಬೆರಳು ಸಿಲಿಂಡರಿನ ಮುಂದಕ್ಕೆ ಹೋಗಲೇಬಾರದು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿಯಿಂದ ಬಿಸಿ ಗ್ಯಾಸು ಚಿಮ್ಮುತ್ತದೆ, ಚರ್ಮ ಸುಟ್ಟು ಸೀಳುತ್ತದೆ. ಹ್ಯಾಮರ್ ಹಿಂದಕ್ಕೆಳೆದು ಸಿಂಗಲ್ ಆಕ್ಷನ್‌ನಲ್ಲಿ ಹೊಡೆಯಿರಿ. ಕಣ್ಣು ಮುಂದಿನ ಸೈಟಿನ ಮೇಲೆ ಇರಲಿ. ಟಾರ್ಗೆಟ್ ಮಸುಕಾಗಿ ಕಾಣುತ್ತದೆ, ಕಾಣಲಿ ಬಿಡಿ. ಐದು ಗುಂಡಿಗೂ ಒಂದೇ ಜಾಗಕ್ಕೆ ಗುರಿ ಇಡಿ. ಮೊದಲನೆಯದು ಕೆಳಗೆ ಬಿತ್ತು ಅಂತ ಎರಡನೆಯದಕ್ಕೆ ಗುರಿ ಮೇಲೆತ್ತಬೇಡಿ. ಹಾಗೆ ಗುಂಡಿನ ಹಿಂದೆ ಓಡಿದವರ ಟಾರ್ಗೆಟ್ ಕಾಗದ ನೋಡಿ ನಾನಂತೂ ಏನೂ ಹೇಳಲಾರೆ.

ಐದೂ ಗುಂಡು ಒಂದು ಅಂಗೈಯಗಲದಲ್ಲಿ ಕೂಡದಿದ್ದರೆ ಸೈಟಿನ ಮಾತೇ ಬೇಡ. ಚದುರಿದ ಗುಂಡನ್ನು ಯಾವ ಸೈಟೂ ಒಟ್ಟು ಮಾಡುವುದಿಲ್ಲ. ಆಗ ರಿವಾಲ್ವರ್ ನೋಡಬೇಕು. ಇಲ್ಲೇ ಹಳೇ ಮಾಲಿನ ಬಣ್ಣ ಬಯಲಾಗುವುದು.

ಖಾಲಿ ರಿವಾಲ್ವರಿನ ಹ್ಯಾಮರ್ ನಿಧಾನಕ್ಕೆ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ತಿರುಗಿ ‘ಕಟಕ್’ ಅಂತ ಕಚ್ಚಿಕೊಂಡಿರಬೇಕು. ಆರೂ ಮನೆಗೂ ಹೀಗೇ ನೋಡಿ. ಕಚ್ಚದೆ ಉಳಿದರೆ ಆ ಮನೆ ನಳಿಕೆಗೆ ನೇರ ಕೂರುವುದಿಲ್ಲ, ಗುಂಡು ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕೆನ್ನೆಗೆ ಏನೋ ಚುಚ್ಚಿದ ಹಾಗಾಯಿತು ಅಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಸಿಲಿಂಡರನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿ, ಗಡಗಡ ಆಡಬಾರದು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿ ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಇರುವ ಫೀಲರ್ ಗೇಜ್ (ಅಳತೆಯ ತೆಳು ತಗಡು) ಸಾಕು. ಗೇಜನ್ನು ನೀವೇ ಮನೆಗೆ ತಂದು ಅಳೆಯಿರಿ, ರಿವಾಲ್ವರನ್ನು ಗ್ಯಾರೇಜಿಗೆ ಒಯ್ಯಬೇಡಿ. 0.10ರಿಂದ 0.20 ಮಿ.ಮೀ. ಒಳಗಿದ್ದರೆ ಚೆನ್ನಾಗಿದೆ. ಕೊನೆಗೆ ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ನಡುವೆ ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ಹಿಂದೆ ಯಾವಾಗಲೋ ಒಂದು ಗುಂಡು ಸಿಕ್ಕಿಕೊಂಡಿತ್ತು, ಅದರ ಬೆನ್ನಿಗೆ ಇನ್ನೊಂದು ಹೊಡೆದಿದ್ದಾರೆ, ನಳಿಕೆ ಉಬ್ಬಿದೆ ಅಂತ ಅರ್ಥ. ಅದನ್ನು ಜೀರೋ ಮಾಡಲು (ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಲು) ಹೊರಡಬೇಡಿ.

ಗುಂಪಿನಿಂದ ಯಾವಾಗಲೂ ಒಂದೇ ಗುಂಡು ತಪ್ಪಿಸಿಕೊಂಡು ಹೋಗುತ್ತದೆಯೇ? ಸ್ಕೆಚ್ ಪೆನ್ನಿನಿಂದ ಮನೆಗಳಿಗೆ ಒಂದರಿಂದ ಆರರವರೆಗೆ ನಂಬರ್ ಬರೆಯಿರಿ. ಒಂದೊಂದು ಮನೆಯಿಂದಲೇ ಐದೈದು ಗುಂಡು ಹೊಡೆದು ಬೇರೆ ಬೇರೆ ಕಾಗದದಲ್ಲಿ ನೋಡಿ. ರಿವಾಲ್ವರ್ ಅಂದರೆ ಒಂದು ನಳಿಕೆಗೆ ಆರು ಚೇಂಬರ್. ಆರರಲ್ಲಿ ಒಂದು ಕೆಟ್ಟಿದ್ದರೂ ನೀವು ಕೈಯನ್ನೋ ಸೈಟನ್ನೋ ಬೈಯುತ್ತಾ ಕೂರುತ್ತೀರಿ.

ಇದೆಲ್ಲ ಸರಿಯಿದ್ದರೆ ಮೂರನೆಯದು ತೋಟಾ. ಗುಂಡು ನಳಿಕೆ ಬಿಡುವ ಮೊದಲೇ ರಿವಾಲ್ವರ್ ಒದೆಯಲು ಶುರು ಮಾಡಿರುತ್ತದೆ. ನಿಧಾನದ ಗುಂಡು ನಳಿಕೆಯೊಳಗೆ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಇನ್ನಷ್ಟು ಮೇಲೆದ್ದಿರುತ್ತದೆ. ಹಾಗಾಗಿ ಇಷ್ಟು ಹತ್ತಿರದಲ್ಲಿ ಭಾರದ, ನಿಧಾನದ ಗುಂಡು ಮೇಲೆ ಬೀಳುತ್ತದೆ. ಹಗುರದ, ವೇಗದ ಗುಂಡು ಕೆಳಗೆ. ಹೆಚ್ಚಿನವರು ತಿಳಿದುಕೊಂಡಿರುವುದು ಇದರ ಉಲ್ಟಾ. ಮುಂದೆ ಯಾವ ತೋಟಾ ಬಳಸುತ್ತೀರೋ ಅದರಲ್ಲೇ ಜೀರೋ ನೋಡಿ, ಅದನ್ನೇ ಬಳಸಿ.

ಈಗ ಸೈಟಿಗೆ ಬರೋಣ. ನಮ್ಮ ಕಡೆ ಸಿಗುವ .32 ರಿವಾಲ್ವರ್‌ಗಳಲ್ಲಿ ಹೆಚ್ಚಿನವು ಕಾನ್ಪುರದ ಸರ್ಕಾರಿ ಕಾರ್ಖಾನೆಯವು. ಮುಂದಿನ ಸೈಟ್ ನಳಿಕೆಗೇ ಕೂಡಿಕೊಂಡಿರುತ್ತದೆ, ಹಿಂದಿನದು ಕೊರೆದ ಗಾಡಿ. ತಿರುಗಿಸಲು ಸ್ಕ್ರೂ ಇಲ್ಲ. ಲೆಕ್ಕ ಹೀಗೆ: ಗುಂಡು ಎಷ್ಟು ತಪ್ಪುತ್ತಿದೆಯೋ ಅದನ್ನು ಎರಡು ಸೈಟ್‌ಗಳ ನಡುವಿನ ಉದ್ದದಿಂದ ಗುಣಿಸಿ, ಟಾರ್ಗೆಟ್ಟಿನ ದೂರದಿಂದ ಭಾಗಿಸಿ. ಗುಂಪು 50 ಮಿ.ಮೀ. ಕೆಳಗಿದೆ, ಸೈಟ್‌ಗಳ ನಡುವೆ 120 ಮಿ.ಮೀ. ಇದೆ, ದೂರ 10 ಮೀಟರ್ ಅಂದರೆ 10,000 ಮಿ.ಮೀ. ಅಂದುಕೊಳ್ಳಿ. ಉತ್ತರ 0.6 ಮಿ.ಮೀ. ನಿಮ್ಮ ಎಟಿಎಂ ಕಾರ್ಡಿನ ದಪ್ಪಕ್ಕಿಂತ ಕಡಿಮೆ! ಒರಟು ಅರದಲ್ಲಿ ನಾಲ್ಕು ಎಳೆತ ಎಳೆದರೆ ಮುಗಿಯಿತು, ಐದನೆಯದಕ್ಕೆ ದಾಟಿಹೋಯಿತು. ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಇನ್ನೂ ಒಂದು ಮಾತು. ಈಗ ಅರ ಹಾಕಿಸಿ, ಆಮೇಲೆ ನಿಮ್ಮ ಕೈ ಸುಧಾರಿಸಿತು ಅಂದುಕೊಳ್ಳಿ, ಆಗ ಎಲ್ಲ ಗುಂಡೂ ಮೇಲಕ್ಕೆ ಹೋಗುತ್ತವೆ. ಆಗ ಯಾರ ಹತ್ತಿರ ಹೋಗುತ್ತೀರಿ? ಎಡಕ್ಕೆ ಬೀಳುವುದನ್ನಂತೂ ಈ ಉಜ್ಜಾಟ ಸರಿ ಮಾಡುವುದೇ ಇಲ್ಲ.

ಒಮ್ಮೆ ಒಬ್ಬರು ತಂದ ರಿವಾಲ್ವರಿನಲ್ಲಿ ಮುಂದಿನ ಸೈಟಿನ ತಲೆ ಇಳಿಜಾರಾಗಿತ್ತು. ಅರದ ಗೆರೆ ಅಡ್ಡಡ್ಡ ಕಾಣುತ್ತಿತ್ತು, ಬ್ಲೂಯಿಂಗ್ (ಉಕ್ಕಿನ ಮೇಲಿನ ಕಪ್ಪು-ನೀಲಿ ಬಣ್ಣ) ಹೋಗಿ ಬೆಳ್ಳಗೆ ಮಿರುಗುತ್ತಿತ್ತು. ಬಿಸಿಲಲ್ಲಿ ಹಿಡಿದರೆ ಆ ಮಿರುಗಿಗೆ ಸೈಟಿನ ತುದಿಯೇ ಕಾಣದು. ಅವರೂ ಬಲಗೈಯವರೇ, ಅವರ ದೂರೂ ಎಡ-ಕೆಳಗೇ ಆಗಿತ್ತು. ನೋಡಿ ಹೊಟ್ಟೆ ಉರಿಯಿತು.

ನಿಮ್ಮ ರಿವಾಲ್ವರಿನಲ್ಲಿ ಪರಿಣತರೊಬ್ಬರು ಗ್ರೂಪ್ ಹೊಡೆದು, ಅವರದ್ದೂ ಅದೇ ಜಾಗಕ್ಕೆ ಬಿದ್ದರೆ ಮಾತ್ರ ಸೈಟಿನ ವಿಚಾರ. ಆಗಲೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ನಿಮ್ಮ ಮೇಸ್ತ್ರಿ ಪಂಪ್‌ಸೆಟ್ ಶಾಫ್ಟ್ ಎಷ್ಟೇ ಚೆನ್ನಾಗಿ ಕಡೆಯಲಿ, ಅವರ ಕೈಗೆ ರಿವಾಲ್ವರ್ ಕೊಟ್ಟರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಪ್ರಶ್ನೆ: ಚಿತ್ರದುರ್ಗದ ಗಾಳಿಗೆ ಗುಂಡು ಪಕ್ಕಕ್ಕೆ ಹೋಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಇರಲಿ, 10 ಮೀಟರಿನಲ್ಲಿ ಅದು ಗುಂಡನ್ನು ತಳ್ಳುವುದು ಕೆಲವೇ ಮಿಲಿಮೀಟರ್. ನಿಮ್ಮ ಕೈ ಅಲುಗಿದರೆ ಅದು ಬೇರೆ ಮಾತು.

ಪ್ರಶ್ನೆ: ಪಿಸ್ತೂಲಿನ .32 ತೋಟಾ ರಿವಾಲ್ವರಿಗೆ ಕೂರುತ್ತದೆ. ಹೊಡೆಯಬಹುದೇ? (ಹರಿಹರ)

ಉತ್ತರ: ಬೇಡ. ಹೆಸರಲ್ಲಿ .32 ಇದ್ದರೂ ಎರಡೂ ಬೇರೆ ತೋಟಾ, ಪಿಸ್ತೂಲಿನದ್ದರ ಒತ್ತಡ ಜಾಸ್ತಿ. ಲೈಸೆನ್ಸ್ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ತೋಟಾ ಕೊಳ್ಳಿ.

ಪ್ರಶ್ನೆ: .32 ರಿವಾಲ್ವರ್ ಗುರಿಗೆ ಲಾಯಕ್ಕಲ್ಲ ಅಂತ ಅಂಗಡಿಯವರು ಹೇಳಿದರು.

ಉತ್ತರ: 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಗೆ ಜಗತ್ತಿನ ಒಳ್ಳೊಳ್ಳೆ ಶೂಟರ್‌ಗಳು ಬಳಸುವುದು ಇದೇ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ತೋಟಾವನ್ನು. ಅಲ್ಲಿನ ಪ್ರಿಸಿಷನ್ (ನಿಧಾನ ಗುರಿಯ) ಸುತ್ತಿನಲ್ಲಿ 10 ಅಂಕದ ವೃತ್ತದ ಅಗಲ 50 ಮಿ.ಮೀ. ಮಾತ್ರ. ಗಿಡ್ಡ ನಳಿಕೆಯ ರಿವಾಲ್ವರಿನಲ್ಲಿ ಅಷ್ಟು ಬಾರದು ನಿಜ, ಆದರೆ ತೋಟಾವನ್ನು ದೂರಬೇಡಿ.

ಪ್ರಶ್ನೆ: ಅಜ್ಜನ ಕಾಲದ ತೋಟಾ ಇವೆ. ಅವನ್ನೇ ಅಭ್ಯಾಸಕ್ಕೆ ಮುಗಿಸಲಾ? (ಹೊಳಲ್ಕೆರೆ)

ಉತ್ತರ: ಹಸಿರು ಕಿಲುಬು ಹಿಡಿದ ತೋಟಾ ಮುಟ್ಟಬೇಡಿ. ಹಳೇ ಮದ್ದು ಸತ್ತಿರುತ್ತದೆ. ‘ಢಂ’ ಅನ್ನುವ ಬದಲು ‘ಪುಸ್’ ಅಂದರೆ ಗುಂಡು ನಳಿಕೆಯಲ್ಲೇ ಉಳಿದಿರಬಹುದು, ಎರಡನೆಯದು ಹೊಡೆದರೆ ನಳಿಕೆ ಉಬ್ಬಬಹುದು, ಒಡೆಯಲೂಬಹುದು. ಏನೂ ಸಿಡಿಯದೆ ಬರೀ ‘ಟಕ್’ ಅಂದರೆ ಮೂತಿ ಬಟ್ ಕಡೆಗೇ ಹಿಡಿದು ಅರ್ಧ ನಿಮಿಷ ಹಾಗೇ ಇರಿ. ಸಿಲಿಂಡರ್ ತಿರುಗಿಸಬೇಡಿ. ತಡವಾಗಿ ಸಿಡಿಯುವುದೂ ಉಂಟು.

ಪ್ರಶ್ನೆ: ಲೇಸರ್ ಹಾಕಿಸಿದರೆ ಗುರಿ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಕೈ ಎಷ್ಟು ನಡುಗುತ್ತದೆ ಅಂತ ಕಾಣುತ್ತದೆ, ಅಷ್ಟೇ.

ಪ್ರಶ್ನೆ: ಮದುವೆ ದಿಬ್ಬಣದಲ್ಲಿ ಮೇಲಕ್ಕೆ ಹೊಡೆದು ಟೆಸ್ಟ್ ಮಾಡಬಹುದೇ? (ಜಗಳೂರು)

ಉತ್ತರ: ಈ ಪ್ರಶ್ನೆ ಕೇಳಿದವರಿಗೆ ರಿವಾಲ್ವರ್ ಯಾಕೆ ಬೇಕು? ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯುತ್ತದೆ. 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಆಯುಧ ಪೂಜೆಯಾದ ಮೇಲೆ ಸಿಲಿಂಡರ್ ಬಿಗಿಯಾಗಿದೆ. ಕೊಬ್ಬರಿ ಎಣ್ಣೆ ಬಿಡಲಾ? (ಹೊಸದುರ್ಗ)

ಉತ್ತರ: ಬೇಡ, ಕೊಬ್ಬರಿ ಎಣ್ಣೆ ಕ್ರಮೇಣ ಅಂಟಾಗುತ್ತದೆ. ಸಂದಿಗೆ ಹೋಗಿರುವ ಅರಿಶಿನ ಕುಂಕುಮ ಬ್ರಷ್ಷಿನಿಂದ ತೆಗೆದು, ಗನ್ ಆಯಿಲ್ ಒಂದೇ ಹನಿ ಹಾಕಿ ಒರೆಸಿ. ಮುಂದಿನ ವರ್ಷ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆಗೆ ಕುಂಕುಮ ಹಚ್ಚಿ. ನಿಂಬೆರಸವಂತೂ ತಾಗಲೇಬಾರದು, ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ರಿವಾಲ್ವರ್ ವಾಪಸ್ ತಂದ ಮೇಲೆ ಗುರಿ ತಪ್ಪುತ್ತಿದೆ. ಯಾರಾದರೂ ಸೈಟ್ ಬದಲಿಸಿರಬಹುದೇ? (ಹಿರಿಯೂರು)

ಉತ್ತರ: ಕೊರೆದ ಸೈಟನ್ನು ಬದಲಿಸುವುದು ಹೇಗೆ? ತಿಂಗಳುಗಟ್ಟಲೆ ಚರ್ಮದ ಚೀಲದಲ್ಲೇ ಇಟ್ಟಿದ್ದರೆ ತೇವ ಹಿಡಿದು ನಳಿಕೆಯಲ್ಲಿ ತುಕ್ಕು ಕೂತಿರುತ್ತದೆ. ಅದನ್ನು ಮೊದಲು ನೋಡಿ, ಇನ್ನು ಮುಂದೆ ಇಡುವಾಗ ಚೀಲದಿಂದ ತೆಗೆದು ಎಣ್ಣೆ ಬಟ್ಟೆ ಸುತ್ತಿ ಇಡಿ. ಮತ್ತೆ ಅಷ್ಟು ದಿನ ನೀವೂ ಅಭ್ಯಾಸ ಮಾಡಿಲ್ಲ ಅಲ್ವಾ? ಮೇಲೆ ಚನ್ನಗಿರಿಯವರಿಗೆ ಹೇಳಿದ ಖಾಲಿ ತೋಟಾ ಪರೀಕ್ಷೆ ನೀವೂ ಮಾಡಿ, ಆಮೇಲೆ ಐದು ಗುಂಡಿನ ಕಾಗದದ ಫೋಟೊ ಕಳಿಸಿ. ತೋಟಾ ಯಾವುದು, ದೂರ ಎಷ್ಟು, ಯಾವ ಕೈ, ಮೂರನ್ನೂ ಕಾಗದದ ಮೂಲೆಯಲ್ಲಿ ಬರೆದಿರಿ.