ಹೆಸರಿಲ್ಲದ ಅಂಗಕ್ಕೆ ಏಳು ಪುಟದ ಒಪ್ಪಿಗೆ

ಪತ್ರ: ನನಗೀಗ 37 ವರ್ಷ. ಇಬ್ಬರು ಮಕ್ಕಳು, ಇಬ್ಬರಿಗೂ ಎರಡು ವರ್ಷ ತುಂಬುವವರೆಗೆ ಹಾಲು ಕುಡಿಸಿದ್ದೇನೆ. ಚಿಕ್ಕವನಿಗೆ ಬಿಡಿಸಿ ಮೂರು ವರ್ಷವಾಯಿತು. ಆ ಭಾಗ ಮೊದಲಿನಂತಿಲ್ಲ, ಬರಿದಾಗಿ ಕೆಳಗಿಳಿದಿದೆ. ನನ್ನದೇ ಉಳಿತಾಯದಲ್ಲಿ ಸರಿಪಡಿಸಿಕೊಳ್ಳೋಣವೆಂದು ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಇಂಪ್ಲಾಂಟ್ ಹಾಕೋಣ ಎಂದು ಹೇಳಿ, ಸಹಿ ಮಾಡಿ ತರಲು ಏಳು ಪುಟಗಳ ಇಂಗ್ಲಿಷ್ ಕಾಗದ ಕೊಟ್ಟರು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ವಿಷಯ ತಿಳಿದ ಅತ್ತೆ ‘ಮಕ್ಕಳು ಕುಡಿದ ಎದೆಗೆ ಕತ್ತರಿ ಹಾಕಿಸುತ್ತೀಯಾ’ ಎಂದು ಮಾತು ಬಿಟ್ಟಿದ್ದಾರೆ. ಯಜಮಾನರು ನಿನ್ನಿಷ್ಟ ಎನ್ನುತ್ತಾರೆ. ನನ್ನ ಕಥೆ ಕೇಳಿ ಆಫೀಸಿನ ಗರ್ಭಿಣಿ ಗೆಳತಿ ತಾನು ಮಗುವಿಗೆ ಹಾಲು ಕುಡಿಸುವುದೇ ಇಲ್ಲ ಎನ್ನುತ್ತಿದ್ದಾಳೆ. ನಾನು ಮಾಡಲು ಹೊರಟಿರುವುದು ತಪ್ಪೇ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ: ಇಲ್ಲಿ ಅಚ್ಚಾಗಿರುವುದು ನಿಮ್ಮ ಪತ್ರದ ಮೂರನೆಯ ಒಂದು ಪಾಲು ಮಾತ್ರ. ಪೂರ್ತಿ ಪತ್ರವನ್ನು ನಾನು ಎರಡು ಸಲ ಓದಿದೆ. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು ಎಣಿಸಿದಾಗ ‘ಆ ಭಾಗ’ ಒಂಬತ್ತು ಸಲ, ‘ಅದು’ ಐದು ಸಲ ಸಿಕ್ಕಿತು. ಸ್ತನ ಎಂಬ ಪದ ಒಮ್ಮೆಯೂ ಇಲ್ಲ. ‘ಎದೆ’ ಒಂದೇ ಒಂದು ಸಲ ಬಂದಿದೆ, ಅದೂ ನಿಮ್ಮ ಅತ್ತೆಯವರ ಬಾಯಿಂದ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಲು ಸಿದ್ಧರಾಗಿರುವ ನೀವು ಆ ಅಂಗದ ಹೆಸರನ್ನು ಬರೆಯಲು ಸಿದ್ಧರಿಲ್ಲ. ಇದನ್ನು ಗದರಿಕೆ ಎಂದು ತಿಳಿಯಬೇಡಿ, ಅಥವಾ ಸ್ವಲ್ಪ ಗದರಿಕೆ ಎಂದೇ ತಿಳಿಯಿರಿ. ಇದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ ಚಿಕ್ಕದು: ತಪ್ಪಲ್ಲ. ಅತ್ತೆಯವರ ಮಾತಿನ ಒಳಗೆ ಮೊಮ್ಮಕ್ಕಳ ಮೇಲಿನ ಅಕ್ಕರೆಯೂ ಇದೆಯೆಂದು ಒಪ್ಪುತ್ತೇನೆ. ಆದರೆ ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳುವ, ತಲೆ ನೆರೆತರೆ ಬಣ್ಣ ಹಚ್ಚಿಕೊಳ್ಳುವ ಸಮಾಜ, ಬಾಣಂತನ ಕಳೆದ ಹೆಂಗಸು ಕನ್ನಡಿಯ ಮುಂದೆ ನಿಂತು ನಿಟ್ಟುಸಿರಿಟ್ಟರೆ ಮಾತ್ರ ತಾಯ್ತನದ ಪಾವಿತ್ರ್ಯವನ್ನು ನೆನಪಿಸಿಕೊಳ್ಳುವುದು ನನಗೆ ಎಂದೂ ಅರ್ಥವಾಗಿಲ್ಲ.

ನಿಮ್ಮ ಗೆಳತಿಯ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅವರ ಹೆರಿಗೆ ನಮ್ಮ ಮುಂದಿನ ಸಂಚಿಕೆಗಾಗಿ ಕಾಯುವುದಿಲ್ಲ. ದೂಷಿಸಬೇಕಾದದ್ದು ಹಾಲನ್ನಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ ಬ್ರಯಾನ್ ರಿಂಕರ್ ಮತ್ತು ಸಂಗಡಿಗರು, ಸ್ತನದ ಶಸ್ತ್ರಚಿಕಿತ್ಸೆ ಬಯಸಿ ಬಂದ ಹೆಂಗಸರನ್ನೇ ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಇಳಿಬೀಳುವುದಕ್ಕೂ ಹಾಲೂಡಿಸುವುದಕ್ಕೂ ನಂಟು ಕಾಣಲಿಲ್ಲ. ವಯಸ್ಸು, ಮೈತೂಕ, ಬಸಿರುಗಳ ಸಂಖ್ಯೆ, ಬಸಿರಿಗೆ ಮುಂಚಿನ ಗಾತ್ರ, ಧೂಮಪಾನ ಇವು ಕಾರಣಗಳಾಗಿ ಕಂಡವು. ಬಸಿರಿನ ತಿಂಗಳುಗಳಲ್ಲೇ ಹಾಲಿನ ಗ್ರಂಥಿಗಳು ಬೆಳೆಯುತ್ತವೆ, ಚರ್ಮ ಹಿಗ್ಗುತ್ತದೆ, ಒಳಗಿನಿಂದ ಆಧಾರ ಕೊಡುವ ತಂತುಗಳು ಜಗ್ಗುತ್ತವೆ. ಆಮೇಲೆ ಗ್ರಂಥಿ ಕುಗ್ಗಿದರೂ ಹಿಗ್ಗಿದ ಚರ್ಮ ಅಷ್ಟೇ ಹಿಂದಕ್ಕೆ ಬರುವುದಿಲ್ಲ. ಗೆಳತಿ ಹಾಲು ಕುಡಿಸದೆ ಇದ್ದರೂ ಬಸಿರಂತೂ ಆಗಿಹೋಗಿದೆ. ಮೊದಲ ಆರು ತಿಂಗಳು ಎದೆಹಾಲನ್ನೇ ಕೊಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಅವರು ಮೀರಿದರೆ ನಷ್ಟ ಮಗುವಿಗೆ, ಲಾಭ ಯಾರಿಗೂ ಇಲ್ಲ.

ಇನ್ನು ನಿಮ್ಮ ಕ್ಲಿನಿಕ್. ಈ ಊರಿನಲ್ಲಿ ನುರಿತ ಪ್ಲಾಸ್ಟಿಕ್ ಸರ್ಜನ್‌ಗಳಿದ್ದಾರೆ, ಎಂ.ಸಿಎಚ್. ಅಥವಾ ಡಿಎನ್‌ಬಿ ಎಂಬ ತಜ್ಞ ಪದವಿ ಪಡೆದು, ಸುಟ್ಟ ಮೈಗೂ ಸೀಳುತುಟಿಗೂ ರೂಪ ಕೊಟ್ಟ ಕೈಗಳು ಅವು, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ನಿಮ್ಮ ದೂರು ‘ಬರಿದಾಗಿ ಕೆಳಗಿಳಿದಿದೆ’ ಎಂದು. ಬರಿದಾಗುವುದು ಒಂದು, ಕೆಳಗಿಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು ತುಂಬಿದ ಚೀಲವನ್ನು ಒಳಗಿಡುತ್ತಾರೆ, ಅದೇ ಇಂಪ್ಲಾಂಟ್. ಎರಡನೆಯದಕ್ಕೆ ಹೆಚ್ಚಾದ ಚರ್ಮವನ್ನು ಕತ್ತರಿಸಿ ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ, ಅದನ್ನು ಲಿಫ್ಟ್ ಎನ್ನುತ್ತಾರೆ. ಅದರ ಹೊಲಿಗೆಯ ಗುರುತು ತೊಟ್ಟಿನ ಸುತ್ತ ಮತ್ತು ಕೆಳಗೆ ಉಳಿಯುತ್ತದೆ. ತೊಟ್ಟು ಸ್ತನದ ಕೆಳಮಡಿಕೆಗಿಂತ ಕೆಳಗೆ ಇಳಿದಿದ್ದಾಗ ಬರಿಯ ಇಂಪ್ಲಾಂಟ್ ಹಾಕಿಸುವುದೆಂದರೆ ಜೋತುಬಿದ್ದ ಕೈಚೀಲಕ್ಕೆ ಇನ್ನೊಂದು ತೆಂಗಿನಕಾಯಿ ಹಾಕಿದಂತೆ. ನಿಮಗೆ ಯಾವುದು ಬೇಕು, ಅಥವಾ ಎರಡೂ ಬೇಕೇ ಎಂಬ ಮಾತನ್ನೇ ಅಲ್ಲಿ ಯಾರೂ ಎತ್ತಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ಕೇಳಿದ್ದೊಂದು, ಕೊಟ್ಟದ್ದೊಂದು ಎಂಬುದು ಈ ಚಿಕಿತ್ಸೆಯ ಹುಟ್ಟಿನಲ್ಲೇ ಇದೆ. 1962ರಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಸಿಲಿಕೋನ್ ಜೆಲ್ ಇಂಪ್ಲಾಂಟನ್ನು ಮೊತ್ತಮೊದಲು ಹಾಕಿಸಿಕೊಂಡ ಟಿಮ್ಮಿ ಜೀನ್ ಲಿಂಡ್ಸೆ ಆರು ಮಕ್ಕಳ ತಾಯಿ. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳಲು. ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಜೆರೋ ಎಂಬ ವೈದ್ಯರು ತಮ್ಮ ಹೊಸ ಚೀಲವನ್ನು ಹಾಕಿಸಿಕೊಳ್ಳುವೆಯಾ ಎಂದು ಕೇಳಿದರು. ತನಗೆ ಅದಕ್ಕಿಂತ ಚಾಚಿಕೊಂಡಿರುವ ಕಿವಿಗಳದೇ ಚಿಂತೆ ಎಂದು ಆಕೆ ಹೇಳಿದಳು. ಕೊನೆಗೆ ಕಿವಿಯನ್ನೂ ಸರಿಮಾಡಿಕೊಡುತ್ತೇವೆಂದು ಒಪ್ಪಿಸಿದರು. ಅರವತ್ತು ವರ್ಷಗಳು ಕಳೆದ ಮೇಲೂ, ವಿಜಯನಗರದ ಹೆಣ್ಣುಮಗಳು ಇಳಿದದ್ದನ್ನು ಏರಿಸಿ ಎಂದು ಹೋದರೆ ಗಾತ್ರದ ಮಾತಾಡಿ ಕಳಿಸುತ್ತಾರೆ.

ಆ ಏಳು ಪುಟಗಳಲ್ಲಿ ಇರಬೇಕಾದದ್ದು ಏನೆಂದು ನಾನು ಕನ್ನಡದಲ್ಲಿ ಹೇಳುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಇಂಪ್ಲಾಂಟ್‌ಗಳ ಮೇಲೆ ಚೌಕಟ್ಟು ಹಾಕಿದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು: ಇವು ಬದುಕಿನುದ್ದಕ್ಕೂ ಬಾಳುವ ಸಾಧನಗಳಲ್ಲ, ವರ್ಷ ಕಳೆದಂತೆ ತೊಡಕಿನ ಸಾಧ್ಯತೆ ಹೆಚ್ಚುತ್ತದೆ, ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಬರುವುದೂ ಉಂಟು. ಸುತ್ತಲೂ ದೇಹವೇ ಕಟ್ಟುವ ಪೊರೆ ಬಿಗಿದು ಸ್ತನ ಗಟ್ಟಿಯಾಗಬಹುದು, ಚೀಲ ಒಡೆಯಬಹುದು. ಸಿಲಿಕೋನ್ ಚೀಲ ಒಳಗೇ ಒಡೆದರೆ ಹೊರಗೆ ಗೊತ್ತಾಗದೆ ಇರಬಹುದಾದ್ದರಿಂದ ಹಾಕಿಸಿಕೊಂಡ 5–6 ವರ್ಷಕ್ಕೆ ಮೊದಲ ಸಲ, ಬಳಿಕ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂಬ ಸಲಹೆಯಿದೆ. ಅಂದರೆ ನಿಮ್ಮ 43ನೇ ವಯಸ್ಸಿನ ಹೊತ್ತಿಗೆ ಮೊದಲನೆಯದು. ಸೌಂದರ್ಯ ಚಿಕಿತ್ಸೆ ಎಂದು ಆರೋಗ್ಯ ವಿಮೆ ಇದನ್ನು ಹೊರಗಿಡುತ್ತದೆ, ಆದ್ದರಿಂದ ಮುಂದೊಮ್ಮೆ ತೆಗೆಸುವ ಅಥವಾ ಬದಲಿಸುವ ಖರ್ಚನ್ನೂ ಈಗಲೇ ಉಳಿತಾಯದ ಲೆಕ್ಕದಲ್ಲಿ ಬರೆದುಕೊಳ್ಳಿ. ಕೆಲವು ವಾರ ಐದು ವರ್ಷದ ಮಗನನ್ನು ಸೊಂಟಕ್ಕೆ ಏರಿಸುವಂತಿಲ್ಲ. ಮೂರನೆಯ ಮಗುವಿನ ಯೋಚನೆಯಿದ್ದರೆ ಆ ಬಾಣಂತನ ಮುಗಿಯುವವರೆಗೆ ಕಾಯುವುದೇ ಮೇಲು. ಹಾಲು ಬಿಡಿಸಿ ಆರು ತಿಂಗಳಾದರೂ ಆಗಿರಲಿ ಎನ್ನುತ್ತಾರೆ. ನಿಮಗೆ ಮೂರು ವರ್ಷವಾಗಿದೆ, ಆ ತೊಂದರೆಯಿಲ್ಲ.

ಈಗ ನನ್ನ ಪಾಲಿನ ಮಾತು. ಮೊಲೆ ಎಂಬುದು ಪಂಪನಿಂದ ಹಿಡಿದು ಹಳಗನ್ನಡದ ಕವಿಗಳೆಲ್ಲ ನಾಚದೆ ಬಳಸಿದ ಪದ. ಮೊಲೆಗೂಸು, ಮೊಲೆವಾಲು, ಮೊಲೆ ಬಿಡಿಸುವುದು, ಇವೆಲ್ಲ ಮನೆಯ ನಡುಮನೆಯಲ್ಲೇ ಓಡಾಡುತ್ತಿದ್ದ ಮಾತುಗಳು. ನಾನು ಉಪಸಂಪಾದಕನಾಗಿದ್ದಾಗ ಹಳ್ಳಿಯ ಸೂಲಗಿತ್ತಿಯೊಬ್ಬರು ಹೇಳಿ ಬರೆಸಿದ ಬಾಣಂತನದ ಲೇಖನ ಬಂದಿತ್ತು. ಅದರಲ್ಲಿ ‘ಮೊಲೆ’ ಬಂದಲ್ಲೆಲ್ಲ ಕೆಂಪು ಶಾಯಿಯಿಂದ ಹೊಡೆದು ‘ಹಸುಗೂಸು’, ‘ತಾಯಿಹಾಲು’ ಎಂದು ತಿದ್ದಿದವನು ನಾನೇ. ಆಗಿನ ಸಂಪಾದಕರು ಬೆನ್ನು ತಟ್ಟಿದರು. ಹೀಗೆ ಸಭ್ಯರೆಲ್ಲ ಸೇರಿ ಒಂದು ಒಳ್ಳೆಯ ಪದವನ್ನು ಮನೆಯಿಂದ ಹೊರಗೆ ಹಾಕಿದೆವು, ಬೀದಿಯ ಪೋಲಿಗಳು ಎತ್ತಿಕೊಂಡರು. ನಮಗೆ ಉಳಿದದ್ದು ಪುಸ್ತಕದ ‘ಸ್ತನ’, ಹೃದಯಕ್ಕೂ ಶ್ವಾಸಕೋಶಕ್ಕೂ ಧೈರ್ಯಕ್ಕೂ ಒಟ್ಟಿಗೆ ಒದಗುವ ‘ಎದೆ’, ಮತ್ತು ನಿಮ್ಮ ‘ಆ ಭಾಗ’.

ಇದು ಬರಿಯ ಭಾಷೆಯ ಗೀಳು ಎಂದು ನನ್ನ ಮಗಳು ಕೂಡ ಹೇಳುತ್ತಾಳೆ. ಆದರೆ ಇದನ್ನು ಕೇಳಿ: ಚನ್ನರಾಯಪಟ್ಟಣದ ಕಡೆಯ ನನ್ನ ದೊಡ್ಡಮ್ಮ, ಮೊಲೆ ಬಿಡಿಸಲು ಬೇವಿನ ಸೊಪ್ಪು ಅರೆದು ಹಚ್ಚೆಂದು ಸೊಸೆಯರಿಗೆಲ್ಲ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಹೇಳುತ್ತಿದ್ದವರು. ಬೆಂಗಳೂರಿಗೆ ಬಂದು ಒಂದು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ ಮುಂದೆ ಕೂತಾಗ ಮಾತ್ರ ‘ಎದೆನೋವು’ ಎಂದರು. ಇಸಿಜಿ ತೆಗೆದರು, ಹೃದಯ ಚೆನ್ನಾಗಿದೆ ಎಂದರು, ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದರು. ನಾಲ್ಕು ತಿಂಗಳ ಮೇಲೆ ಸ್ನಾನ ಮಾಡಿಸುತ್ತಿದ್ದ ಸೊಸೆಯ ಕೈಗೆ ಗಂಟು ಸಿಕ್ಕಿತು. ಆ ವೇಳೆಗೆ ಅದು ಕಂಕುಳಿಗೂ ಹರಡಿತ್ತು. ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು, ಅವರಿಗೂ ನಾಚಿಕೆಯಿದ್ದಿರಬೇಕು. ಬೆಂಗಳೂರಿನ ಹೆಂಗಸರಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಸ್ತನದ್ದೇ ಎಲ್ಲಕ್ಕಿಂತ ಹೆಚ್ಚು. ಇಂಪ್ಲಾಂಟ್ ಇದ್ದವರ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ತೆಗೆಯುವ ಕ್ರಮವೇ ಬೇರೆಯಾದ್ದರಿಂದ, ಪ್ರತಿ ಸಲವೂ ನೀವು ಬಾಯಿ ಬಿಟ್ಟು ‘ನನ್ನ ಸ್ತನದಲ್ಲಿ ಇಂಪ್ಲಾಂಟ್ ಇದೆ’ ಎಂದು ಹೇಳಲೇಬೇಕಾಗುತ್ತದೆ. ‘ಆ ಭಾಗದಲ್ಲಿ ಅದು ಇದೆ’ ಎಂದರೆ ತಂತ್ರಜ್ಞೆಗೆ ತಿಳಿಯದು.

ಬಸ್ಸಿನ ಟಿಕೆಟ್ಟಿನಲ್ಲಿ, ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇರಲಿ ಎಂದು ಹೋರಾಡಿದ ಊರು ನಮ್ಮದು. ಅರಿವಳಿಕೆ ಕೊಟ್ಟು ಮೈ ಕೊಯ್ಯುವ ಮುನ್ನ ಮುಂದೆ ಹಿಡಿಯುವ ಕಾಗದದಲ್ಲಿ ಕನ್ನಡ ಇದೆಯೇ ಎಂದು ಕೇಳಿದವರನ್ನು ನಾನು ಅಷ್ಟಾಗಿ ಕಂಡಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪವೇನು, ಬೇರೆ ದಾರಿಗಳಿವೆಯೇ, ಅಪಾಯಗಳೇನು ಎಂಬುದನ್ನು ರೋಗಿಗೆ ತಕ್ಕಷ್ಟು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಹೇಳಿದೆ. ಓದಲಾಗದ ಏಳು ಪುಟಗಳ ಕೆಳಗೆ ಹಾಕಿದ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು.

ಆದ್ದರಿಂದ ಸಹಿ ಮಾಡಬೇಡಿ, ಸದ್ಯಕ್ಕೆ. ಕ್ಲಿನಿಕ್‌ಗೆ ಮತ್ತೆ ಹೋಗಿ, ಆಪ್ತಸಲಹೆಗಾರರನ್ನಲ್ಲ, ಕತ್ತಿ ಹಿಡಿಯುವ ಸರ್ಜನ್‌ರನ್ನೇ ಕೂರಿಸಿಕೊಂಡು, ನನಗೆ ಬೇಕಾದದ್ದು ಲಿಫ್ಟೋ ಇಂಪ್ಲಾಂಟೋ, ಯಾವ ಕಂಪನಿಯದು, ಎಷ್ಟು ಸಿಸಿ ಗಾತ್ರದ್ದು, ಸ್ನಾಯುವಿನ ಮೇಲೋ ಕೆಳಗೋ, ಮುಂದೆ ತೆಗೆಸಬೇಕಾದರೆ ಯಾರು ತೆಗೆಯುತ್ತಾರೆ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನೂ ಕನ್ನಡದಲ್ಲೇ ಪಡೆಯಿರಿ. ಅತ್ತೆಯವರನ್ನು ಜೊತೆಗೆ ಕರೆದೊಯ್ದರೂ ಆದೀತು. ನಿಮ್ಮಿಬ್ಬರಲ್ಲಿ ಆ ಅಂಗಕ್ಕೆ ಒಂದು ಹೆಸರು ಇಟ್ಟು ಮಾತಾಡಿದವರು ಅವರೊಬ್ಬರೇ. ಮತ್ತು ಆ ಏಳು ಪುಟಗಳ ಮೇಲಿನ ನಿಮ್ಮ ಹೆಸರು, ಕ್ಲಿನಿಕ್‌ನ ಹೆಸರು ಎರಡಕ್ಕೂ ಮಸಿ ಬಳಿದು ನಮ್ಮ ಕಚೇರಿಗೆ ಕಳಿಸಿ. ವೈದ್ಯರೊಬ್ಬರ ನೆರವಿನಿಂದ ಸಾಲುಸಾಲಾಗಿ ಕನ್ನಡಕ್ಕೆ ಮಾಡಿಸಿ ಹಿಂದಿರುಗಿಸುತ್ತೇನೆ. ಈ ಸಲ ಕೆಂಪು ಶಾಯಿ ನನ್ನ ಕೈಯಲ್ಲಿ ಇರುವುದಿಲ್ಲ. ಅಂಚೆ ವೆಚ್ಚ ನಮ್ಮದು.

— ಸಂ.